ಒಂದೇ ಅಂಗಳದ ಹೂವು, ನಾಯಿ, ಬೆಕ್ಕು

(ಯುಗಾದಿ ಕಳೆದ ಮೇಲೆ ತುಮಕೂರಿನಲ್ಲಿ ಗೆಳೆಯರ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭೆಯವರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಎಷ್ಟೋ ಜನ ಒಬ್ಬರ ಮುಖ ಒಬ್ಬರು ನೋಡುತ್ತಿರುವುದು ಇವತ್ತೇ ಮೊದಲು. ಆದರೂ ಯಾರ ಮನೆಯಲ್ಲಿ ಯಾವ ನಾಯಿ ಇದೆ, ಯಾರ ಬೆಕ್ಕು ಮರಿ ಹಾಕಿದೆ, ಯಾರ ತಾರಸಿಯ ಮಲ್ಲಿಗೆ ಈ ಸಲ ತಡ ಮಾಡಿತು, ಎಲ್ಲಾ ಎಲ್ಲರಿಗೂ ಗೊತ್ತು. ತುಮಕೂರಿನವರು, ಕೋಲಾರದವರು, ಚಿಕ್ಕಬಳ್ಳಾಪುರದವರು ಫೋನಿನ ಗುಂಪುಗಳಲ್ಲೇ ಪರಿಚಯವಾಗಿ, ಫೋಟೋ, ಸುದ್ದಿ ಕಳಿಸಿಕೊಳ್ಳುತ್ತಾ ಅಲ್ಲೇ ಹತ್ತಿರವಾದವರು. ಬೆಳಗ್ಗೆ ಕಾಫಿ ಹೊತ್ತಿಗೆ ಮಾತು ಶುರುವಾಗುತ್ತದೆ. "ಅಕ್ಕ, ನಿಮ್ಮ ಕಡೆ ಹೊಂಗೆ ಹೂ ಬಿಡ್ತಾ?" "ನಿನ್ನೆ ಊಟ ಬಿಟ್ಟಿತ್ತಲ್ಲ ನಿಮ್ಮ ನಾಯಿ, ಇವತ್ತು ತಿಂತಾ?" ಹೀಗೇ.

ಮನೆಯವರು ಇದನ್ನು ಕಾಡುಹರಟೆ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಿಂದೆ ಬಾವಿಕಟ್ಟೆಯಲ್ಲಿ, ಜಗುಲಿಯಲ್ಲಿ ಓಡಾಡುತ್ತಿದ್ದ ತಿಳುವಳಿಕೆ ಈಗ ಇಲ್ಲಿ ಓಡಾಡುತ್ತಿದೆ. ಒಂದು ಕೊರತೆ ಮಾತ್ರ ನನಗೆ ಕಾಣುತ್ತದೆ. ಹೂವಿನ ಸುದ್ದಿಯನ್ನು ಒಂದು ಕಡೆ ಹೇಳುತ್ತೇವೆ, ಪ್ರಾಣಿಯ ಸುದ್ದಿಯನ್ನು ಇನ್ನೊಂದು ಕಡೆ. ಅವೆರಡೂ ಇರುವುದು ಒಂದೇ ಅಂಗಳದಲ್ಲಿ. ಚೈತ್ರದಲ್ಲಿ ಅರಳಿದ್ದು, ಉದುರಿದ್ದು, ಹಣ್ಣಾದದ್ದು ಎಲ್ಲವೂ ನೆಲಕ್ಕೆ ಬರುತ್ತದೆ. ನೆಲದ ಮೇಲೆ ಮೂಗಿಟ್ಟು ಓಡಾಡುವುದು ನಾಯಿ, ಬೆಕ್ಕು. ಎರಡನ್ನೂ ಒಟ್ಟಿಗೆ ನೋಡೋಣ ಅನ್ನುವುದೇ ಇವತ್ತಿನ ನನ್ನ ಮಾತು.

ಮೊದಲು ಹೂವು.

ನಮ್ಮದು ಬಯಲುಸೀಮೆ. ಕೆರೆ ಒಣಗಿ, ಬೋರ್‌ವೆಲ್ ಸಾವಿರ ಅಡಿ ದಾಟಿದ ನಾಡು. ಹೊರಗಿನವರು ನಮ್ಮ ಬೇಸಿಗೆ ನೋಡಿ ಇಲ್ಲಿ ಏನು ವಸಂತ ಅಂತ ಕೇಳುತ್ತಾರೆ. ಆದರೆ ನಮ್ಮ ಮರಗಳು ಮಳೆಗೆ ಕಾಯುವುದಿಲ್ಲ. ಬೇರು ಆಳಕ್ಕಿಳಿಸಿ ಕೂತಿರುತ್ತವೆ. ಮೊದಲು ಹೂವಾಗುವುದು ಮಾವು. ಶ್ರೀನಿವಾಸಪುರದ ತೋಟಗಳಲ್ಲಿ ಸಂಕ್ರಾಂತಿ ಹೊತ್ತಿಗೇ ತೋತಾಪುರಿ, ಬಾದಾಮಿ, ಬೇನಿಷಾ ಮರಗಳು ಹೂವಿಗೆ ಬಂದಿರುತ್ತವೆ. ಶಿವರಾತ್ರಿ ಸುತ್ತಮುತ್ತ ಮುತ್ತುಗ. ಅದರ ಎಲೆಯಲ್ಲಿ ಊಟ ಮಾಡಿದವರು ಇಲ್ಲಿ ಬಹಳ ಜನ ಇದ್ದೀರಿ. ಎಲೆ ಎಲ್ಲಾ ಉದುರಿದ ಮೇಲೆ ಬರೀ ಕೊಂಬೆಯಲ್ಲಿ ಕೆಂಡದ ಬಣ್ಣದ ಹೂವು. ದೇವರಾಯನದುರ್ಗದ ಕಡೆ ಹೋದರೆ ಕಾಣುತ್ತದೆ. ಆಮೇಲೆ ಹೊಂಗೆ, ಬೇವು, ಮಲ್ಲಿಗೆ. ಏಪ್ರಿಲ್ ಹೊತ್ತಿಗೆ ಕಕ್ಕೆ, ಗುಲ್‌ಮೊಹರ್. ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದದ್ದು. ಈಗ ರಸ್ತೆ ಬದಿಯಲ್ಲಿ ಗುಲಾಬಿ, ಹಳದಿ ಬಣ್ಣ ಸುರಿಯುವ ತಬೂಬಿಯಾ ಅಮೆರಿಕ ಖಂಡದ್ದು. ಫೋಟೋ ಜಾಸ್ತಿ ಬರುವುದು ಇವೆರಡರದೇ. ಚೆನ್ನಾಗಿವೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಓಟು ಹೊಂಗೆಗೆ.

ಹೊಂಗೆಯನ್ನು ಹತ್ತಿರ ಹೋಗಿ ನೋಡಿದ್ದೀರಾ? ಫೆಬ್ರವರಿಯಲ್ಲಿ ಎಲೆ ಹಳದಿಯಾಗಿ ಉದುರುತ್ತದೆ. ಕೆಲವೇ ದಿನದಲ್ಲಿ ಹೊಸ ಚಿಗುರು, ಎಣ್ಣೆ ಸವರಿದ ಹಾಗೆ ಹೊಳೆಯುವ ಹಸಿರು. ಸುತ್ತಲೂ ಎಲ್ಲಾ ಒಣಗಿರುವಾಗ ದಟ್ಟ ನೆರಳು ಕೊಡುವ ಮರ ಅದು. ಚಿಗುರಿನ ಹಿಂದೆಯೇ ಹೂಗೊಂಚಲು. ಒಂದೊಂದು ಹೂವೂ ಅವರೆ ಹೂವಿನ ಜಾತಿಯದು, ಬಿಳಿಯಲ್ಲಿ ತಿಳಿ ನೇರಳೆ, ತೊಟ್ಟಿನ ಹತ್ತಿರ ಕಂದು. ಬೆಳಗ್ಗೆ ಮರದ ಕೆಳಗೆ ನಿಂತರೆ ಮೇಲಿಂದ ಜೇನುಹುಳುಗಳ ಸದ್ದು ಒಂದೇ ಸಮ ಕೇಳುತ್ತದೆ. ಕೆಳಗೆ ಉದುರಿದ ಹೂವು ಚಪ್ಪಲಿ ಮುಚ್ಚುವಷ್ಟು. ಈಗ ಹೂವಾದದ್ದು ಕಾಯಿ ಬಲಿತು ಬೀಳುವುದಕ್ಕೆ ಹೆಚ್ಚೂಕಮ್ಮಿ ಒಂದು ವರ್ಷ ಬೇಕು. ನಮ್ಮ ಹಿರಿಯರು ಹೊಲದ ಬದುವಿನಲ್ಲಿ ಇದನ್ನು ಬೆಳೆಸಿದ್ದು ಸುಮ್ನೆ ಅಲ್ಲ. ಉದುರಿದ ಹೂವು, ಎಲೆ ಗೊಬ್ಬರ. ಬೀಜದ ಎಣ್ಣೆ ದೀಪಕ್ಕೆ.

ಇನ್ನು ಆ ಹೂವಿನ ಹಾಸಿಗೆಯ ಮೇಲೆ ನಿಮ್ಮ ನಾಯಿಯನ್ನು ಇಡಿ. ತಂಪು ಜಾಗ, ಅದು ಬಂದು ಮಲಗೇ ಮಲಗುತ್ತದೆ. ಉದುರಿದ ಹೂವಿನಲ್ಲೂ ಜೇನುಹುಳು ಇರುತ್ತದೆ. ಮರಿನಾಯಿಗಳಿಗೆ ಹಾರುವುದನ್ನು ಬಾಯಿ ಹಾಕಿ ಹಿಡಿಯುವ ಆಸೆ. ಮೂತಿ ಊದಿಸಿಕೊಂಡ ನಾಯಿಮರಿ ಫೋಟೋಗಳು ಪ್ರತಿ ಮಾರ್ಚ್‌ನಲ್ಲಿ ಬರುತ್ತವೆ, ಎಲ್ಲರೂ ಮುದ್ದು ಅಂತ ಹಾರ್ಟ್ ಒತ್ತುತ್ತಾರೆ. ಮೂತಿಯ ಹೊರಗೆ ಕಚ್ಚಿದ್ದರೆ ತಣ್ಣೀರು ಬಟ್ಟೆ ಸಾಕಾಗಬಹುದು. ಬಾಯಿಯ ಒಳಗೆ, ಗಂಟಲ ಹತ್ತಿರ ಕಚ್ಚಿದ್ದರೆ ಉಸಿರಾಟಕ್ಕೇ ತೊಂದರೆ. ಕಾಯದೆ ಡಾಕ್ಟರ ಹತ್ತಿರ ಓಡಬೇಕು. ಫೋಟೋ ಆಮೇಲೆ.

ಮಾವಿನ ತೋಟದವರಿಗೂ ಒಂದು ಮಾತು. ಮಾವಿನ ಹೂವಿಗೆ ಪರಾಗ ಮುಟ್ಟಿಸುವುದರಲ್ಲಿ ನೊಣಗಳದೇ ದೊಡ್ಡ ಪಾಲು. ನಾವು ಹೊಡೆದು ಓಡಿಸುವ ನೊಣಗಳೇ. ಜಿಗಿಹುಳುವಿಗೆ, ಬೂದಿರೋಗಕ್ಕೆ ಔಷಧಿ ಹೊಡೆಯದೆ ಆಗುವುದಿಲ್ಲ, ನಿಜ. ಆದರೆ ಹೂವು ಪೂರ್ತಿ ಬಿರಿದಾಗ ಹೊಡೆದರೆ ಕಾಯಿ ಕಚ್ಚಿಸುವ ಹುಳುಗಳೂ ಸಾಯುತ್ತವೆ. ಹೊಡೆದ ದಿನ ತೋಟದ ನಾಯಿಯನ್ನು ಮನೆಯಲ್ಲೇ ಕಟ್ಟಿ. ಔಷಧಿ ಬಿದ್ದ ಹುಲ್ಲಿನಲ್ಲಿ ತಿರುಗಿ ಬಂದು ಪಾದ ನೆಕ್ಕಿಕೊಳ್ಳುವುದು ಅದರ ಸ್ವಭಾವ. ಚಿಕ್ಕಬಳ್ಳಾಪುರದ ಗುಲಾಬಿ, ಸೇವಂತಿಗೆ ತೋಟಗಳಿಗೂ ಇದೇ ಮಾತು. ಶಿಡ್ಲಘಟ್ಟದ ರೇಷ್ಮೆ ಮನೆಗಳವರು ಈ ವಿಷಯದಲ್ಲಿ ನಮಗೆಲ್ಲ ಗುರುಗಳು. ಹುಳ ಮೇಯುವಾಗ ಅವರ ಮನೆಯಲ್ಲಿ ಸೊಳ್ಳೆಬತ್ತಿ ಕೂಡ ಹಚ್ಚುವುದಿಲ್ಲ.

ಈಗ ನಾನು ಜಾಸ್ತಿ ಹೊತ್ತು ಮಾತಾಡಬೇಕಾದ ವಿಷಯಕ್ಕೆ ಬರುತ್ತೇನೆ. ಹುಣಸೆ ಮತ್ತು ದ್ರಾಕ್ಷಿ.

ಫೆಬ್ರವರಿ, ಮಾರ್ಚ್ ಬಂದರೆ ತುಮಕೂರು ಕಡೆ ಯಾವ ಹಳ್ಳಿಗೆ ಹೋದರೂ ಹುಣಸೆ. ಮರದಿಂದ ಬಡಿದು ಬೀಳಿಸಿದ್ದನ್ನು ಅಂಗಳದಲ್ಲಿ ಒಣಗಿಸಿ, ಕುಟ್ಟಿ, ಬೀಜ ತೆಗೆದು, ನಾರು ಬಿಡಿಸಿ, ಉಂಡೆ ಕಟ್ಟುತ್ತಾರೆ. ಹೆಂಗಸರು ಸುತ್ತ ಕೂತು ಮಾತಾಡುತ್ತಾ ಮಾಡುವ ಕೆಲಸ. ಮಕ್ಕಳಿಗೆ ಬೆಲ್ಲ, ಜೀರಿಗೆ, ಉಪ್ಪು, ಮೆಣಸಿನಕಾಯಿ ಹಾಕಿ ಕುಟ್ಟಿದ ಚಿಗಳಿ. ಈ ವರ್ಷ ಗುಬ್ಬಿ ಕಡೆಯ ಗೆಳತಿಯೊಬ್ಬರು ಒಂದು ಚಿತ್ರ ಕಳಿಸಿದ್ದರು. ಚಾಪೆ ತುಂಬಾ ಹುಣಸೆ, ಪಕ್ಕದಲ್ಲಿ ಕಾಲು ಚಾಚಿ ಮಲಗಿದ ಅವರ ಕಂದು ನಾಯಿ, ಮೂತಿ ಚಾಪೆಯ ಅಂಚಿಗೆ ತಾಗಿದೆ. ಹತ್ತಾರು ಜನ ಚೆನ್ನಾಗಿದೆ ಅಂದರು. ಶಿಡ್ಲಘಟ್ಟದ ಅಣ್ಣ ಒಬ್ಬರು ಮಾತ್ರ ಕೇಳಿದರು: "ಅಮ್ಮಾ, ಅದು ನೆಕ್ಕಲ್ವಾ?"

ಆ ಒಂದು ಪ್ರಶ್ನೆಯನ್ನು ನಾನು ಮರೆಯುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾಯಿಗೆ ದ್ರಾಕ್ಷಿ ಆಗುವುದಿಲ್ಲ ಅಂತ ಪಶುವೈದ್ಯರು ಪತ್ರಿಕೆಯಲ್ಲಿ ಬರೆದದ್ದು 2001ರಲ್ಲಿ, ಅಮೆರಿಕದಲ್ಲಿ. ಹಸಿ ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳು ವಾಂತಿ ಮಾಡಿ, ಮಂಕಾಗಿ, ಎರಡು ಮೂರು ದಿನದಲ್ಲಿ ಕಿಡ್ನಿ ಕೆಟ್ಟು ಮೂತ್ರ ನಿಂತುಹೋಗುತ್ತಿದ್ದವು. ದ್ರಾಕ್ಷಿಯಲ್ಲಿ ಯಾವುದು ಈ ಕೆಲಸ ಮಾಡುತ್ತದೆ ಅನ್ನುವುದು ಸುಮಾರು 20 ವರ್ಷ ಹೊಳೆಯಲಿಲ್ಲ. ಹಣ್ಣಿಗೆ ಹೊಡೆದ ಔಷಧಿಯೋ, ಹಣ್ಣಿನ ಬೂಷ್ಟೋ ಅಂತ ಹುಡುಕಿದರು. ಕೊನೆಗೆ ಸುಳಿವು ಸಿಕ್ಕಿದ್ದು ಮಕ್ಕಳ ಆಟದಿಂದ. ಮಕ್ಕಳು ಆಡುವುದಕ್ಕೆ ಅಂತ ಮನೆಯಲ್ಲೇ ಕಲಸಿದ ಬಣ್ಣದ ಹಿಟ್ಟನ್ನು ನಾಯಿಯೊಂದು ತಿಂದಿತು. ದ್ರಾಕ್ಷಿ ತಿಂದ ನಾಯಿಗೆ ಆಗುವುದೇ ಅದಕ್ಕೂ ಆಯಿತು. ಆ ಹಿಟ್ಟಿಗೆ ಟಾರ್ಟಾರಿಕ್ ಆಮ್ಲದ ಒಂದು ಉಪ್ಪನ್ನು ಹಾಕುತ್ತಾರೆ. ದ್ರಾಕ್ಷಿಯಲ್ಲೂ ಟಾರ್ಟಾರಿಕ್ ಆಮ್ಲವೇ ಇರುವುದು. ಎರಡನ್ನೂ ಸೇರಿಸಿ ನೋಡಿ, ಕಾರಣ ಇದೇ ಇರಬೇಕು ಅಂತ 2021ರಲ್ಲಿ ಬರೆದರು. ಮರುವರ್ಷ ಬಂದ ಇನ್ನೊಂದು ಬರಹದಲ್ಲಿ ಮೂರನೆಯ ಪದಾರ್ಥವೂ ಸೇರಿತು. ಅದು ಹುಣಸೆಹಣ್ಣು. ಹುಣಸೆಗೆ ಹುಳಿ ಬರುವುದು ಬಹುಪಾಲು ಟಾರ್ಟಾರಿಕ್ ಆಮ್ಲದಿಂದಲೇ. ಹುಣಸೆ ತಿಂದ ನಾಯಿಗಳಲ್ಲೂ ಅದೇ ಕಿಡ್ನಿ ತೊಂದರೆ ಕಂಡಿತ್ತು.

ಒಂದು ಸಲ ಯೋಚನೆ ಮಾಡಿ. ತುಮಕೂರಿನ ಅಂಗಳದಲ್ಲಿ ಹುಣಸೆ ರಾಶಿ, ಚಿಕ್ಕಬಳ್ಳಾಪುರದ ಚಪ್ಪರದ ಕೆಳಗೆ ಉದುರಿದ ಬೆಂಗಳೂರು ನೀಲಿ ದ್ರಾಕ್ಷಿ. ಎಲ್ಲೋ ದೂರದ ದೇಶದವರು ಕಂಡುಹಿಡಿದದ್ದು ಎಲ್ಲರಿಗಿಂತ ಜಾಸ್ತಿ ಬೇಕಾಗಿರುವುದು ನಮಗೇ. ಎಲ್ಲ ನಾಯಿಗೂ ಒಂದೇ ಥರ ಆಗುವುದಿಲ್ಲ. ಹಣ್ಣಿನ ತಳಿ, ಮಾಗಿದ ಹದ ನೋಡಿಕೊಂಡು ಆಮ್ಲದ ಪ್ರಮಾಣವೂ ಬದಲಾಗುತ್ತದೆ. ಹಾಗಾಗಿ ಒಂದು ನಾಯಿ ತಿಂದು ಸುಮ್ಮನೆ ಓಡಾಡಿಕೊಂಡಿರಬಹುದು, ಇನ್ನೊಂದು ಅಷ್ಟೇ ತಿಂದು ಮಲಗಿಬಿಡಬಹುದು. ಇದೇ ಕಾರಣಕ್ಕೆ "ನಮ್ಮ ನಾಯಿಗೆ ಏನೂ ಆಗಿಲ್ಲ" ಅನ್ನುವ ಮಾತನ್ನು ನಂಬಬೇಡಿ. ಹಳೇ ಕಾಲದ ನಾಯಿಗಳು ತಿಂದಿಲ್ವಾ ಅಂತ ಕೇಳುತ್ತಾರೆ. ತಿಂದಿವೆ. ಯಾವ ನಾಯಿ ಯಾಕೆ ಸತ್ತಿತು ಅಂತ ಆಗ ಯಾರು ನೋಡಿದರು?

ಮಾಡಬೇಕಾದದ್ದು ಕಷ್ಟದ್ದಲ್ಲ. ಹುಣಸೆ ಒಣಗಿಸುವ ಜಾಗಕ್ಕೆ ನಾಯಿ ಬರದ ಹಾಗೆ ನೋಡಿಕೊಳ್ಳಿ. ರಾತ್ರಿ ಚಾಪೆ ಎತ್ತಿಡಿ. ಹಬ್ಬದ ದಿನ ಕೇಸರಿಬಾತು, ಪಾಯಸ ಹಾಕುವಾಗ ಅದರಲ್ಲಿ ಒಣದ್ರಾಕ್ಷಿ ಇದೆ ಅನ್ನುವುದು ನೆನಪಿರಲಿ. ಮನೆ ಊಟವನ್ನೇ ಹಾಕುವವರು ಮುದ್ದೆಗೆ ಸಾರು ಬಿಡುವ ಮುಂಚೆಯೇ ನಾಯಿಯ ಪಾಲು ತೆಗೆದಿಡಿ. ಹುಣಸೆಯೂ ತಪ್ಪುತ್ತದೆ, ಈರುಳ್ಳಿ ಬೆಳ್ಳುಳ್ಳಿಯೂ ತಪ್ಪುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಮುದ್ದೆ, ಮಜ್ಜಿಗೆ, ಬೇಯಿಸಿದ ಮೊಟ್ಟೆ ಹಾಕಿ, ಏನೂ ತೊಂದರೆ ಇಲ್ಲ. ಮಾವಿನ ಹಣ್ಣು ಕೂಡ ಸ್ವಲ್ಪ ಕೊಡಬಹುದು. ವಾಟೆ ಮಾತ್ರ ಎಸೆಯಬೇಡಿ. ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ, ಆಪರೇಷನ್ ಮಾಡಿ ತೆಗೆಯಬೇಕಾಗುತ್ತದೆ.

ಗುಬ್ಬಿಯ ಗೆಳತಿ ಆವತ್ತೇ ನಾಯಿಯನ್ನು ಹಿತ್ತಲ ಕಡೆಗೆ ಕಟ್ಟಿದರು. ಅದು ಚೆನ್ನಾಗಿದೆ.

ಪೂಜೆಯ ಹೂವಿನ ಬಗ್ಗೆ ಎರಡು ಮಾತು. ಕಣಗಲೆ ಇಲ್ಲದ ಹಿತ್ತಲು ನಮ್ಮಲ್ಲಿ ಕಡಿಮೆ. ಹೆದ್ದಾರಿಯ ನಡುವೆ ಅದನ್ನೇ ಸಾಲಾಗಿ ನೆಟ್ಟಿರುತ್ತಾರೆ, ದನ ತಿನ್ನುವುದಿಲ್ಲ ಅಂತ. ತಿನ್ನುವುದಿಲ್ಲ, ಯಾಕಂದರೆ ಅದು ವಿಷ. ಎಲೆ, ಕೊಂಬೆ, ಹೂವು, ಬೇರು, ಎಲ್ಲದರಲ್ಲೂ ಹೃದಯಕ್ಕೆ ಪೆಟ್ಟು ಕೊಡುವ ಅಂಶ ಇದೆ. ಒಣಗಿದರೂ ಹೋಗುವುದಿಲ್ಲ. ಹಸಿ ಗಿಡವನ್ನು ಮುಟ್ಟದ ಹಸು, ಮೇವಿನಲ್ಲಿ ಬೆರೆತ ಒಣ ಎಲೆಯನ್ನು ತಿಂದುಬಿಡುತ್ತದೆ. ಗಿಡ ಸವರಿದ ಮೇಲೆ ಕಡ್ಡಿ ಎಲೆಗಳನ್ನು ಕೊಟ್ಟಿಗೆ ಹತ್ತಿರ, ತಿಪ್ಪೆಗೆ ಎಸೆಯಬೇಡಿ. ಹೂವು ನೆನೆದ ನೀರನ್ನೂ ಬೆಕ್ಕು ಕುಡಿಯುವ ಕಡೆ ಇಡಬೇಡಿ. ಗಿಡ ಕಿತ್ತು ಬಿಸಾಕಿ ಅಂತ ನಾನು ಹೇಳುವುದಿಲ್ಲ. ಶಿವನಿಗೆ ಏರಿಸುವ ಹೂವು ಅದು, ಇರಲಿ, ಬೇಲಿ ಅಂಚಿನಲ್ಲಿ.

ಬೆಕ್ಕಿರುವ ಮನೆಯವರು ಇನ್ನೊಂದು ಹೂವಿಗೆ ಹೆದರಬೇಕು. ಮದುವೆ, ಸನ್ಮಾನಗಳಲ್ಲಿ ಕೊಡುವ ಬೊಕ್ಕೆಯಲ್ಲಿ ದೊಡ್ಡ ದೊಡ್ಡ ಎಸಳಿನ, ಕಂದು ಪುಡಿ ಉದುರುವ ಲಿಲ್ಲಿ ಇರುತ್ತದಲ್ಲ, ಅದು. ಆ ಪುಡಿ ಮೈಗೆ ತಾಗಿ ಬೆಕ್ಕು ನೆಕ್ಕಿಕೊಂಡರೂ ಸಾಕು, ಕಿಡ್ನಿ ಹೋಗುತ್ತದೆ. ನಾಯಿಗೆ ಅಷ್ಟು ತೊಂದರೆ ಇಲ್ಲ, ಬೆಕ್ಕಿಗೆ ಮಾತ್ರ ಪ್ರಾಣಕ್ಕೇ ಬರುತ್ತದೆ. ಬೊಕ್ಕೆ ಮನೆಗೆ ತರುವ ಮುಂಚೆ ಲಿಲ್ಲಿ ತೆಗೆದು ಪಕ್ಕದ ಮನೆಯವರಿಗೆ ಕೊಡಿ, ಅಲ್ಲೂ ಬೆಕ್ಕಿಲ್ಲ ಅಂತ ನೋಡಿಕೊಂಡು. ಹಾಗೇ, ಜ್ವರ ಬಂದಿದೆ ಅಂತ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಒಂದೇ ಮಾತ್ರೆಗೂ ಬೆಕ್ಕು ಸಾಯಬಹುದು.

ಬಿಸಿಲು, ನೀರು ನಿಮಗೆ ಗೊತ್ತಿರುವ ವಿಷಯ, ಬೇಗ ಮುಗಿಸುತ್ತೇನೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಟಾರು ರಸ್ತೆಗೆ ನಿಮ್ಮ ಅಂಗೈ ಹಿಂಭಾಗ ಇಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಹಕ್ಕಿಗೆ, ಬೀದಿನಾಯಿಗೆ ಇಟ್ಟ ನೀರನ್ನು ದಿನಾ ಚೆಲ್ಲಿ ಹೊಸದು ಹಾಕಿ, ಇಲ್ಲದಿದ್ದರೆ ಡೆಂಗ್ಯೂ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿದ ಹಾಗೆ. ರೇಬಿಸ್ ಲಸಿಕೆ ಮಾತ್ರ ತಪ್ಪಿಸಬೇಡಿ. ಮರಿಗೆ ಮೂರು ತಿಂಗಳಿಗೆ ಮೊದಲನೆಯದು, ಆಮೇಲೆ ಡಾಕ್ಟರು ಹೇಳಿದ ಹಾಗೆ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ರೋಗ ಲಕ್ಷಣ ಕಂಡ ಮೇಲೆ ಉಳಿಸುವ ಔಷಧಿ ಇಲ್ಲ.

ಇನ್ನೊಂದು ವಿಷಯ ಮನಸ್ಸಿಗೆ ನೋವು ಕೊಡುವಂಥದ್ದು, ಹೇಳಲೇಬೇಕು. ಹೂವಿನ ಕಾಲವೇ ಗಿಳಿ ಮರಿ ಮಾಡುವ ಕಾಲ. ಮರದ ಪೊಟರೆಗೆ ಕೈ ಹಾಕಿ ಮರಿ ತೆಗೆದು ಮಾರುತ್ತಾರೆ. ಪಂಜರದ ಫೋಟೋ ಕಳಿಸಿ "ನಮ್ಮ ಹೊಸ ಮಗು" ಅಂತ ಬರೆಯುತ್ತಾರೆ. ಪ್ರೀತಿಯಿಂದಲೇ ಬರೆಯುತ್ತಾರೆ, ಅದು ನನಗೆ ಗೊತ್ತು. ಆದರೆ ನಮ್ಮ ಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕೋಲಾರ ಕಡೆಯ ಕುರುಚಲಿನಲ್ಲಿ ಸಿಗುವ ನಕ್ಷತ್ರ ಆಮೆಯೂ ಅಷ್ಟೇ. ಮನೆಗೆ ಅದೃಷ್ಟ ಅಂತ ತೊಟ್ಟಿಯಲ್ಲಿ ಇಟ್ಟುಕೊಳ್ಳುತ್ತಾರೆ. ಅದು ನೀರಿನ ಆಮೆಯೇ ಅಲ್ಲ, ಒಣ ನೆಲದಲ್ಲಿ ಹುಲ್ಲು ಹೂವು ತಿಂದು ಬದುಕುವ ಪ್ರಾಣಿ. ಇಲ್ಲೇ ಪಕ್ಕದ ನಾಗವಲ್ಲಿಯ ಕಾಡುಪಾಪ ನಿಮಗೆ ಗೊತ್ತು, ರಾತ್ರಿ ಹೊತ್ತು ಮರದಲ್ಲಿ ಓಡಾಡುವ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ. ರಾತ್ರಿ ಟಾರ್ಚ್ ಹಿಡಿದು ಅದರ ಕಣ್ಣಿಗೆ ಬೆಳಕು ಬಿಟ್ಟು ವಿಡಿಯೋ ಮಾಡಬೇಡಿ. ಹುಣಸೆ ಮರ, ಹೊಂಗೆ ಮರ ಕಡಿಯದೆ ಇದ್ದರೆ ಅದೇ ಅದಕ್ಕೆ ನಾವು ಮಾಡುವ ಉಪಕಾರ.

ಆದ್ದರಿಂದ ಗೆಳೆಯರೇ, ಹೂವಿನ ಫೋಟೋ ಕಳಿಸುವಾಗ ಯಾವ ಊರು, ಯಾವ ಮರ ಅಂತ ಒಂದು ಸಾಲು ಬರೆಯಿರಿ. ಎರಡು ವರ್ಷ ಹೀಗೆ ಮಾಡಿದರೆ ಮುಳಬಾಗಿಲಿನ ಬೇವು ಯಾವಾಗ ಹೂವಾಯಿತು, ಮಧುಗಿರಿಯದು ಯಾವಾಗ ಅಂತ ನಮಗೇ ಗೊತ್ತಾಗುತ್ತದೆ. ಚಿತ್ರದ ಅಂಚಿನಲ್ಲಿ ನಾಯಿ ಬೆಕ್ಕು ಕಂಡರೆ, ಶಿಡ್ಲಘಟ್ಟದ ಅಣ್ಣನ ಹಾಗೆ ಕೇಳಿ. ಕೇಳಿದರೆ ಬೇಜಾರಾಗುತ್ತಾರೇನೋ ಅಂತ ಸಂಕೋಚ ಬೇಡ.

ಇಷ್ಟು ಹೇಳಿ ನಿಲ್ಲಿಸಿದಾಗ ಸಭೆಯಿಂದ ಪ್ರಶ್ನೆಗಳು ಬಂದವು.

ಗೌರಿಬಿದನೂರಿನಿಂದ ಬಂದಿದ್ದ ಹೆಣ್ಣುಮಗಳು ಕೇಳಿದರು: "ಮೇಡಂ, ಬೆಕ್ಕಿನ ಮರಿ ತಂದಿದ್ದೀವಿ. ಹಾಗಾದ್ರೆ ಯಾವ ಹೂವಿನ ಗಿಡ ಇಟ್ಕೋಬಹುದು?"

ಗುಲಾಬಿ ಇಡಿ, ದುಂಡುಮಲ್ಲಿಗೆ ಇಡಿ, ದಾಸವಾಳ ಇಡಿ. ಈ ಮೂರರಿಂದ ಬೆಕ್ಕಿಗೆ ಅಪಾಯವಿಲ್ಲ. ಗುಲಾಬಿಯ ಮುಳ್ಳು ಒಂದು ನೋಡಿಕೊಳ್ಳಿ. ಮಲ್ಲಿಗೆಗೆ ಡಿಸೆಂಬರ್, ಜನವರಿಯಲ್ಲಿ ಎಲೆ ಉದುರಿಸಿ, ಕೊಂಬೆ ಸವರಿ, ಸ್ವಲ್ಪ ದಿನ ನೀರು ಕಡಿಮೆ ಮಾಡಿದರೆ ಬೇಸಿಗೆಯಲ್ಲಿ ಮೊಗ್ಗು ತುಂಬಿಕೊಳ್ಳುತ್ತದೆ. ಕುಂಡದ ಮಣ್ಣಿನ ಮೇಲೆ ತೆಂಗಿನ ನಾರು ಹರಡಿ, ತೇವವೂ ನಿಲ್ಲುತ್ತದೆ, ಮರಿ ಮಣ್ಣು ಕೆದಕುವುದೂ ಕಡಿಮೆಯಾಗುತ್ತದೆ. ಹುಳುವಿನ ಔಷಧಿ ಮಾತ್ರ ಮನೆಯ ಕುಂಡಕ್ಕೆ ಬೇಡ.

ಮಾಲೂರಿನ ಹಿರಿಯರೊಬ್ಬರು ಕೇಳಿದ್ದು ಜೇನಿನ ಬಗ್ಗೆ. ಅವರ ಮನೆ ಹಿಂದಿನ ನೀರಿನ ಟ್ಯಾಂಕಿಗೆ ಹೆಜ್ಜೇನು ಕಟ್ಟಿದೆ, ಹೊಗೆ ಹಾಕಿಸಿ ಓಡಿಸೋಣ ಅಂತ ಮಗ ಹೇಳುತ್ತಿದ್ದಾನೆ, ಏನು ಮಾಡಲಿ ಅಂತ.

ಹೊಗೆ ಹಾಕಿಸಬೇಡಿ ಸಾರ್. ಕೆಣಕಿದರೆ ಹೆಜ್ಜೇನು ಅಟ್ಟಿಸಿಕೊಂಡು ಬರುತ್ತದೆ, ಬೀದಿಗೆಲ್ಲಾ ತೊಂದರೆ. ಸುತ್ತ ಹೊಂಗೆ, ಬೇವು, ಹುಣಸೆ ಹೂವು ಇರುವವರೆಗೆ ಅವು ಇರುತ್ತವೆ, ಹೂವು ಮುಗಿದರೆ ಗೂಡು ಬಿಟ್ಟು ಬೇರೆ ಕಡೆ ವಲಸೆ ಹೋಗುತ್ತವೆ. ಅಲ್ಲಿಯವರೆಗೆ ಆ ಕಡೆಯ ಲೈಟು ರಾತ್ರಿ ಆರಿಸಿಡಿ, ಬೆಳಕಿಗೆ ಬರುತ್ತವೆ. ಮಕ್ಕಳು ಕಲ್ಲೆಸೆಯದ ಹಾಗೆ ನೋಡಿಕೊಳ್ಳಿ. ನಿಮ್ಮ ನಾಯಿಯನ್ನು, ಹಸುವನ್ನು ಅಲ್ಲಿ ಕಟ್ಟಬೇಡಿ. ಹುಳು ಎದ್ದರೆ ನಾವು ಓಡಿ ಬಾಗಿಲು ಹಾಕಿಕೊಳ್ಳುತ್ತೇವೆ. ಕಟ್ಟಿದ ಪ್ರಾಣಿ ಓಡುವುದಕ್ಕಾಗುವುದಿಲ್ಲ.